ಹೊಸ್ತಿಲಿನಾಚೆಯ ನೆಲ: ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳಲ್ಲಿ ಮದುವೆ, ತಾಯ್ತನ ಮತ್ತು ಹೆಣ್ಣಿನ ಸ್ವಾತಂತ್ರ್ಯ

(ಮುಂಬಯಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



 ಮದುವೆ ಮತ್ತು ತಾಯ್ತನಗಳಿಂದ ಬಿಡುಗಡೆ ಬಯಸಿದ ಹೆಣ್ಣನ್ನು ಹತ್ತೊಂಬತ್ತನೆಯ ಶತಮಾನದ ಕಾದಂಬರಿ ಹೇಗೆ ಕಂಡಿತು ಎಂಬುದು ನನಗೆ ಒಪ್ಪಿಸಿರುವ ವಿಷಯ. ವಿಷಯ ವಿಸ್ತಾರವಾದದ್ದು. ಹಾಗಾಗಿ ಐದಾರು ಕೃತಿಗಳನ್ನಷ್ಟೇ ಆರಿಸಿಕೊಂಡು, ಅವುಗಳ ಮೂಲಕ ಒಂದು ವಿಚಾರವನ್ನು ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ಈ ಕಾದಂಬರಿಗಳ ಬಗ್ಗೆ ಒಂದು ಆಕ್ಷೇಪಣೆ ವಾಡಿಕೆಯಲ್ಲಿದೆ. ಮದುವೆಯ ಕಟ್ಟು ಮೀರಿದ ಹೆಣ್ಣನ್ನು ಕೊನೆಯ ಪುಟದೊಳಗೆ ಸಾಯಿಸದೆ ಆ ಶತಮಾನದ ಲೇಖಕರಿಗೆ ಸಮಾಧಾನವಿರಲಿಲ್ಲ ಎಂಬುದೇ ಆ ಆಕ್ಷೇಪಣೆ. ಫ್ಲಾಬೇರನ ಎಮ್ಮಾ ಬೊವಾರಿ ವಿಷ ತಿಂದು ಸಾಯುತ್ತಾಳೆ. ಟಾಲ್‌ಸ್ಟಾಯ್‌ಯ ಅನ್ನಾ ಕರೆನಿನಾ ರೈಲಿನ ಗಾಲಿಗೆ ಬೀಳುತ್ತಾಳೆ. ಅಮೆರಿಕದ ಕೇಟ್ ಶಾಪಿನ್ ಸೃಷ್ಟಿಸಿದ ಎಡ್ನಾ ಸಮುದ್ರದೊಳಗೆ ಈಜುತ್ತ ಮರಳದಂತೆ ಹೋಗುತ್ತಾಳೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಾವನ್ನು ಲೇಖಕರು ವಿಧಿಸಿದ ಶಿಕ್ಷೆಯೆಂದು ಮಾತ್ರ ಓದಿ ಪುಸ್ತಕ ಮುಚ್ಚಿಟ್ಟರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳದೆ ಬಿಟ್ಟಂತಾಗುತ್ತದೆ. ಹೊಸ್ತಿಲು ದಾಟಿದ ಹೆಣ್ಣಿಗೆ ಕಾಲೂರಲು ಹೊರಗೆ ನೆಲವಿತ್ತೆ? ಅವಳು ಉಣ್ಣುವುದು ಯಾವ ದುಡಿಮೆಯಿಂದ, ಮಲಗುವುದು ಯಾರ ಸೂರಿನ ಕೆಳಗೆ, ಅವಳು ಹೆತ್ತ ಮಗು ಯಾರದು? ಈ ಮೂರು ಪ್ರಶ್ನೆಗಳಿಗೆ ಆ ಕಾಲದ ಕಾನೂನು ಮತ್ತು ಸಮಾಜ ಕೊಟ್ಟ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಈ ಕೃತಿಗಳು ಬೇರೆಯಾಗಿಯೇ ಕಾಣುತ್ತವೆ. ಮದುವೆಯಿಂದ ಹೊರಬರುವ ದಾರಿಯನ್ನು ಆ ಶತಮಾನದ ಕಾದಂಬರಿ ಕಷ್ಟಪಟ್ಟಾದರೂ ಕಂಡುಕೊಂಡಿತು, ಆದರೆ ತಾಯ್ತನದ ಪ್ರಶ್ನೆಯ ಮುಂದೆ ಉತ್ತರ ಕಾಣದೆ ನಿಂತಿತು. ಇದು ನನ್ನ ಮಾತಿನ ಸಾರಾಂಶ.

ಮೊದಲು ಇಂಗ್ಲೆಂಡಿನ ಸ್ಥಿತಿಯನ್ನು ನೋಡೋಣ. ಅಲ್ಲಿಯ ರೂಢಿಗತ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಪ್ರತ್ಯೇಕ ವ್ಯಕ್ತಿತ್ವವೇ ಇರಲಿಲ್ಲ. ಅವಳು ದುಡಿದ ಹಣ ಗಂಡನದು, ಹೆತ್ತ ಮಕ್ಕಳು ಗಂಡನ ವಶ. 1836ರಲ್ಲಿ ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಗಂಡ ಅವಳ ಮೂವರು ಗಂಡುಮಕ್ಕಳನ್ನು ಅವಳಿಂದ ದೂರಮಾಡಿದ. ಕರಪತ್ರಗಳನ್ನು ಬರೆದು, ಪಾರ್ಲಿಮೆಂಟಿನ ಸದಸ್ಯರ ಬೆನ್ನುಹತ್ತಿ ಆಕೆ ನಡೆಸಿದ ಹೋರಾಟದ ಫಲವಾಗಿ 1839ರಲ್ಲಿ ಒಂದು ಕಾಯಿದೆ ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಳ್ಳಬಹುದು ಎಂಬಷ್ಟೇ ಅದರ ಔದಾರ್ಯ. ವ್ಯಭಿಚಾರ ಸಾಬೀತಾದವಳಿಗೆ ಅದೂ ಇಲ್ಲ. ನಾರ್ಟನ್ನಳ ಮಕ್ಕಳನ್ನು ಗಂಡ ಸ್ಕಾಟ್ಲೆಂಡಿನಲ್ಲಿ ಇರಿಸಿದ್ದರಿಂದ, ಆಕೆಯೇ ಹೋರಾಡಿ ತಂದ ಕಾಯಿದೆ ಆಕೆಗೆ ಒದಗಲಿಲ್ಲ. 1842ರಲ್ಲಿ ಕಿರಿಯ ಮಗ ತೀರಿಕೊಂಡ. ಮುಂದೆ 1857ರ ವಿಚ್ಛೇದನ ಕಾಯಿದೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಕಾದ ಕಾರಣವೆಂದು ಒಪ್ಪಿತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಇಂಥ ಇನ್ನೊಂದು ಅಪರಾಧವನ್ನೋ ರುಜುವಾತುಪಡಿಸಬೇಕಾಗಿತ್ತು. ಮದುವೆಯಾದ ಹೆಣ್ಣು ತನ್ನ ಗಳಿಕೆಯನ್ನು ತನ್ನದೆನ್ನಲು 1870ರವರೆಗೆ, ತನ್ನ ಆಸ್ತಿಯನ್ನು ಪೂರ್ತಿಯಾಗಿ ತನ್ನದೆನ್ನಲು 1882ರವರೆಗೆ ಕಾಯಬೇಕಾಯಿತು.

ಈ ಹಿನ್ನೆಲೆಯಲ್ಲಿ ಆನ್ ಬ್ರಾಂಟೆಯ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಎಂಬ ಕೃತಿಯನ್ನು ಓದಬೇಕು. ಆಕ್ಟನ್ ಬೆಲ್ ಎಂಬ ಗಂಡಸಿನ ಹೆಸರಿನಲ್ಲಿ ಇದು ಪ್ರಕಟವಾದದ್ದು 1848ರಲ್ಲಿ. ಕತೆ ನಡೆಯುವುದು 1820ರ ದಶಕದಲ್ಲಿ, ಅಂದರೆ 1839ರ ಕಾಯಿದೆಯೂ ಹುಟ್ಟಿರದ ಕಾಲದಲ್ಲಿ. ನಾಯಕಿ ಹೆಲೆನ್‌ಳ ಗಂಡ ಕುಡುಕ, ಲಂಪಟ. ಅದನ್ನೆಲ್ಲ ಸಹಿಸಿದ ಹೆಲೆನ್ ಮನೆ ಬಿಡಲು ತೀರ್ಮಾನಿಸುವುದು ಆತ ಪುಟ್ಟ ಮಗನಿಗೂ ಕುಡಿತ ಕಲಿಸಲು ತೊಡಗಿದಾಗ. ಅವಳಿಗೆ ಚಿತ್ರ ಬರೆಯುವ ವಿದ್ಯೆ ಗೊತ್ತಿದೆ. ಚಿತ್ರಗಳನ್ನು ಮಾರಿ ಬದುಕುವ ಯೋಜನೆ ಹಾಕುತ್ತಾಳೆ. ಗಂಡ ಅವಳ ದಿನಚರಿಯನ್ನು ಕಸಿದು ಓದಿ ಗುಟ್ಟು ತಿಳಿದುಕೊಂಡು, ಬಣ್ಣ ಕುಂಚಗಳನ್ನೆಲ್ಲ ಬೆಂಕಿಗೆ ಹಾಕಿಸುತ್ತಾನೆ. ಕೊನೆಗೂ ಅವಳು ಮಗನನ್ನು ಕರೆದುಕೊಂಡು ತಪ್ಪಿಸಿಕೊಳ್ಳುತ್ತಾಳೆ. ಹೆಸರು ಬದಲಿಸಿಕೊಂಡು, ವಿಧವೆಯೆಂದು ಹೇಳಿಕೊಂಡು, ತಾನು ಬರೆದ ಚಿತ್ರಗಳಿಗೂ ಸುಳ್ಳು ಊರಿನ ಹೆಸರು ಕೊಟ್ಟು ಮಾರುತ್ತಾಳೆ.

ಇಲ್ಲಿ ಕಾನೂನಿನ ಕಣ್ಣಿನಲ್ಲಿ ಹೆಲೆನ್ ತನ್ನ ಮಗನನ್ನೇ ಕದ್ದ ಕಳ್ಳಿ. ಅವಳು ಸಾಯದೆ ಉಳಿಯುವುದು ಮೂರು ಪ್ರಶ್ನೆಗಳಿಗೂ ಗುಟ್ಟಾಗಿ ಉತ್ತರ ಹುಡುಕಿಕೊಂಡದ್ದರಿಂದ: ದುಡಿಮೆಗೆ ಕುಂಚ, ಸೂರಿಗೆ ಸೋದರನ ಒತ್ತಾಸೆಯಿಂದ ಸಿಕ್ಕ ಪಾಳುಮನೆ, ಮಗುವಿಗೆ ಸುಳ್ಳು ಹೆಸರು. ಮುಂದೆ ಗಂಡ ಮರಣಶಯ್ಯೆಯಲ್ಲಿದ್ದಾನೆಂದು ತಿಳಿದು ಶುಶ್ರೂಷೆಗೆ ಹೋದಾಗಲೂ, ಮಗುವಿನ ಪಾಲನೆಯ ಹಕ್ಕು ತನ್ನದೆಂದು ಲಿಖಿತ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೇ ಮಗನ ಮುಖ ತೋರಿಸುತ್ತಾಳೆ. ಕಾದಂಬರಿ ಅವಳ ಮರುಮದುವೆಯಲ್ಲಿ ಮುಗಿಯುತ್ತದೆ, ನಿಜ. ಆದರೂ ಗಂಡ ಬದುಕಿರುವಾಗಲೇ ಹೊರಟುಬಂದು ತನ್ನ ಕೈದುಡಿಮೆಯಲ್ಲಿ ಬಾಳಿದ ನಾಯಕಿ ಆ ಕಾಲಕ್ಕೆ ಎಂಥ ಆಘಾತ ತಂದಿರಬೇಕೆಂಬುದಕ್ಕೆ ಒಂದು ಸಾಕ್ಷಿಯಿದೆ. 1849ರಲ್ಲಿ ಆನ್ ತೀರಿಕೊಂಡ ಮೇಲೆ, ಇಂಥ ವಸ್ತುವನ್ನು ಆರಿಸಿಕೊಂಡದ್ದೇ ತಪ್ಪೆಂದು ಭಾವಿಸಿ ಕೃತಿಯ ಮರುಮುದ್ರಣವನ್ನು ತಡೆದವಳು ಸ್ವತಃ ಅಕ್ಕ ಷಾರ್ಲಟ್ ಬ್ರಾಂಟೆ.

ಈ ಸಾಹಸ ಸಾಧ್ಯವಾಗದ ಕಡೆ ಏನಾಗುತ್ತದೆಂಬುದನ್ನು ರಷ್ಯದ ‘ಅನ್ನಾ ಕರೆನಿನಾ’ ತೋರಿಸುತ್ತದೆ. 1875ರಿಂದ 1877ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಯನ್ನು ನಾವು ಸಾಮಾನ್ಯವಾಗಿ ಪ್ರೇಮದ ದುರಂತವೆಂದು ಓದುತ್ತೇವೆ. ಆದರೆ ಟಾಲ್‌ಸ್ಟಾಯ್ ಕಾನೂನಿನ ವಿವರಗಳನ್ನು ಎಷ್ಟು ಎಚ್ಚರದಿಂದ ಹೆಣೆದಿದ್ದಾನೆಂಬುದನ್ನು ಗಮನಿಸಬೇಕು. ಕರೆನಿನ್ ವಿಚ್ಛೇದನಕ್ಕಾಗಿ ವಕೀಲನ ಬಳಿ ಹೋದಾಗ, ಆ ವಕೀಲ ಒಂದು ಸಂಸಾರ ಒಡೆಯುವ ಮಾತು ಕೇಳುತ್ತಲೇ ನಡುನಡುವೆ ಹಾರುವ ನುಸಿಗಳನ್ನು ಹಿಡಿಯುತ್ತಿರುತ್ತಾನೆ. ಅವನ ಚಿಂತೆ ಕುರ್ಚಿಯ ಬಟ್ಟೆಯದು. ವ್ರಾನ್‌ಸ್ಕಿಯಿಂದ ಅನ್ನಾಗೆ ಹುಟ್ಟಿದ ಹೆಣ್ಣುಮಗು ಕಾನೂನಿನ ಪ್ರಕಾರ ಕರೆನಿನ್‌ನ ಮಗಳು. ಮುಂದೆ ಹುಟ್ಟುವ ಮಕ್ಕಳೂ ಅವನವೇ ಆಗುತ್ತವೆಂದು ವ್ರಾನ್‌ಸ್ಕಿ ಸಂಕಟಪಡುತ್ತಾನೆ. ಮಗ ಸೆರ‍್ಯೋಜಾನಿಗೆ ತಾಯಿ ಸತ್ತಳೆಂದು ಹೇಳಿರುತ್ತಾರೆ. ಅವನ ಹುಟ್ಟುಹಬ್ಬದ ಬೆಳಿಗ್ಗೆ ಅನ್ನಾ ತನ್ನದೇ ಹಳೆಯ ಮನೆಗೆ ಕದ್ದು ನುಗ್ಗಿ ಮಗನನ್ನು ತಬ್ಬಿಕೊಳ್ಳುತ್ತಾಳೆ. ಗಂಡ ಬರುವ ಸದ್ದಿಗೆ ಹೊರಟುಬಿಡಬೇಕಾಗುತ್ತದೆ. ಹಿಂದಿನ ದಿನ ಕೊಂಡ ಆಟಿಕೆಗಳ ಕಟ್ಟನ್ನು ಬಿಚ್ಚಲೂ ಸಮಯ ಸಾಲದೆ ಹಾಗೆಯೇ ಹಿಂದಕ್ಕೆ ಒಯ್ಯುತ್ತಾಳೆ. ಅನ್ನಾ ಯಾವುದನ್ನು ಕಳೆದುಕೊಂಡು ಹೊರಬಂದಳೆಂಬುದಕ್ಕೆ ಆ ಬಿಚ್ಚದ ಕಟ್ಟೇ ಸಾಕ್ಷಿ.

ಇದೇ ಕಾದಂಬರಿಯಲ್ಲಿ ಮನೆ ಬಿಡದೆ ಉಳಿದ ತಾಯಿಯೂ ಇದ್ದಾಳೆ: ಅನ್ನಾಳ ಅತ್ತಿಗೆ ಡಾಲಿ. ಅನ್ನಾಳನ್ನು ನೋಡಲು ಗಾಡಿಯಲ್ಲಿ ಒಬ್ಬಳೇ ಹೊರಟಾಗ ಅವಳಿಗೆ ತನ್ನ ಹದಿನೈದು ವರ್ಷದ ದಾಂಪತ್ಯ ನೆನಪಾಗುತ್ತದೆ. ಬಸಿರು, ಹೆರಿಗೆ, ಹಾಲೂಡಿಕೆ, ಮಕ್ಕಳ ಕಾಯಿಲೆ, ಸತ್ತ ಕೂಸು, ಮತ್ತೆ ಬಸಿರು. ತನಗೆಂದು ಉಳಿದದ್ದೇನು ಎಂದು ಯೋಚಿಸುತ್ತಾಳೆ. ತನಗಿನ್ನು ಮಕ್ಕಳಾಗುವುದಿಲ್ಲ, ವೈದ್ಯರು ದಾರಿ ತಿಳಿಸಿದ್ದಾರೆ ಎಂದು ಅನ್ನಾ ಹೇಳಿದಾಗ ಡಾಲಿ ಬೆರಗಾಗುತ್ತಾಳೆ. ಹೀಗೂ ಸಾಧ್ಯವೆಂದು ಅವಳಿಗೆ ಅದುವರೆಗೆ ಹೊಳೆದಿರಲೇ ಇಲ್ಲ. ಆದರೆ ಮರುದಿನ ತನ್ನ ಮಕ್ಕಳ ಕಡೆಗೇ ಆತುರದಿಂದ ಮರಳುತ್ತಾಳೆ. ಟಾಲ್‌ಸ್ಟಾಯ್‌ಯ ಒಲವು ಡಾಲಿಯ ಕಡೆಗೆಂಬುದರಲ್ಲಿ ಸಂಶಯವಿಲ್ಲ. ಹಾಗಿದ್ದೂ ಗಾಡಿಯಲ್ಲಿ ಕುಳಿತ ಆ ದಣಿದ ತಾಯಿಯ ಮನಸ್ಸನ್ನು ಆತ ಮುಚ್ಚಿಡಲಿಲ್ಲ. ದೊಡ್ಡ ಲೇಖಕನ ಪ್ರಾಮಾಣಿಕತೆ ಅವನ ನಂಬಿಕೆಗಳನ್ನು ಮೀರಿ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮದುವೆಯಾಗಿ ಆಮೇಲೆ ಹೊರಬರುವುದಕ್ಕಿಂತ ಮದುವೆಯನ್ನೇ ನಿರಾಕರಿಸಿದರೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವಳು ದಕ್ಷಿಣ ಆಫ್ರಿಕದ ಆಲಿವ್ ಶ್ರೈನರ್. ಆಕೆಯ ‘ದಿ ಸ್ಟೋರಿ ಆಫ್ ಆ್ಯನ್ ಆಫ್ರಿಕನ್ ಫಾರ್ಮ್’ 1883ರಲ್ಲಿ, ಅದೂ ಗಂಡಸಿನ ಹೆಸರಿನಲ್ಲೇ, ಪ್ರಕಟವಾಯಿತು. ಕರೂ ಬಯಲಿನ ಒಂಟಿ ಹೊಲಮನೆಯಲ್ಲಿ ಬೆಳೆದ ಲಿಂಡಾಲ್, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವುದು ಹೆಣ್ಣನ್ನು ಕುಗ್ಗಿಸುವ ವಿದ್ಯೆಯೆಂದು ಕಂಡುಕೊಂಡವಳು. ಬಸಿರಾದಾಗಲೂ ಮಗುವಿನ ತಂದೆಯನ್ನು ಮದುವೆಯಾಗಲು ಒಪ್ಪುವುದಿಲ್ಲ. ಒಮ್ಮೆ ಕಟ್ಟಿಕೊಂಡರೆ ಬಿಡಿಸಿಕೊಳ್ಳಲಾಗದೆಂಬುದು ಅವಳ ಭಯ. ಹುಟ್ಟಿದ ಮಗು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಅವಳೂ ಕಾಯಿಲೆ ಬಿದ್ದು, ಹಾಸಿಗೆ ಹಿಡಿದು ತೀರಿಕೊಳ್ಳುತ್ತಾಳೆ. ಲಿಂಡಾಲ್‌ಗೆ ಬುದ್ಧಿಯಿತ್ತು, ಧೈರ್ಯವಿತ್ತು. ಅವಳಂಥವಳಿಗೆ ಕೆಲಸ ಕೊಡುವ ಸಂಸ್ಥೆಯೊಂದೂ ಆ ಬಯಲಿನಲ್ಲಿರಲಿಲ್ಲ.

ಅಂಥ ಸಂಸ್ಥೆಯನ್ನು ನಾವು ಕಾಣುವುದು ಹತ್ತು ವರ್ಷಗಳ ಅನಂತರ, 1893ರಲ್ಲಿ ಬಂದ ಜಾರ್ಜ್ ಗಿಸಿಂಗನ ‘ದಿ ಆಡ್ ವಿಮೆನ್’ ಕಾದಂಬರಿಯಲ್ಲಿ. ಜೋಡಿ ಸಿಗದೆ ಉಳಿದ, ಲೆಕ್ಕಕ್ಕೆ ಹೆಚ್ಚಾದ ಹೆಂಗಸರು ಎಂಬುದು ಆ ಹೆಸರಿನ ಅರ್ಥ. ದೇಶದಲ್ಲಿ ಗಂಡಸರಿಗಿಂತ ಐದು ಲಕ್ಷ ಹೆಂಗಸರು ಹೆಚ್ಚಿದ್ದಾರೆಂದು ಅದರ ನಾಯಕಿ ರೋಡಾ ನನ್ ಲೆಕ್ಕ ಹೇಳುತ್ತಾಳೆ. ಅವಳೂ ಅವಳ ಗೆಳತಿ ಮೇರಿ ಬಾರ್‌ಫುಟ್ಟಳೂ ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಮತ್ತು ಕಚೇರಿ ಕೆಲಸ ಕಲಿಸುತ್ತಾರೆ. ಅಂದರೆ ಹೊಸ್ತಿಲಿನಾಚೆ ಕಾಲೂರಲು ಕೊನೆಗೂ ಒಂದಿಷ್ಟು ನೆಲ ಸಿಕ್ಕಿದೆ, ಅದು ಬೆರಳಚ್ಚು ಯಂತ್ರದ ಮೇಜಿನಷ್ಟೇ ಅಗಲದ್ದಾದರೂ. ಇದೇ ಕೃತಿಯ ಮೋನಿಕಾ ಬಟ್ಟೆಯಂಗಡಿಯ ದೀರ್ಘ ದುಡಿಮೆಯಿಂದ ಪಾರಾಗಲು ವಯಸ್ಸಾದ ಶಂಕಾಪಿಶಾಚಿಯೊಬ್ಬನನ್ನು ಮದುವೆಯಾಗಿ, ಹೆರಿಗೆಯ ಬೆನ್ನಿಗೇ ಸಾಯುತ್ತಾಳೆ. ರೋಡಾ ತಾನು ಪ್ರೀತಿಸಿದವನನ್ನೇ ನಿರಾಕರಿಸಿ ತನ್ನ ಕೆಲಸಕ್ಕೆ ಮರಳುತ್ತಾಳೆ. ಅವಳು ಸಾಯುವುದಿಲ್ಲ, ಸೋಲುವುದೂ ಇಲ್ಲ. ಆದರೆ ಗಿಸಿಂಗ್ ಕಾದಂಬರಿಯನ್ನು ಎಲ್ಲಿ ನಿಲ್ಲಿಸುತ್ತಾನೆ ನೋಡಿ: ಮೋನಿಕಾಳ ತಬ್ಬಲಿ ಹೆಣ್ಣುಕೂಸು ರೋಡಾಳ ತೋಳಿನಲ್ಲಿದೆ, ಅವಳು ಅದನ್ನೇ ದಿಟ್ಟಿಸಿ ನೋಡುತ್ತಿದ್ದಾಳೆ. ಮದುವೆಯ ಪ್ರಶ್ನೆ ಬಗೆಹರಿದಿದೆ. ಮಗುವನ್ನು ಸಾಕುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಇಬ್ಸೆನ್ನನ ‘ಎ ಡಾಲ್ಸ್ ಹೌಸ್’ ಕಾದಂಬರಿಯಲ್ಲ, ನಾಟಕ. ಆದರೂ ಇಲ್ಲಿ ಅದರ ಒಂದು ಸಂಗತಿಯನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. 1879ರ ಆ ನಾಟಕದಲ್ಲಿ ನೋರಾ ಗಂಡನನ್ನೂ ಮೂವರು ಮಕ್ಕಳನ್ನೂ ಬಿಟ್ಟು ಹೊರಡುತ್ತಾಳೆ. ಜರ್ಮನಿಯ ಪ್ರಸಿದ್ಧ ನಟಿಯೊಬ್ಬಳು ಮಕ್ಕಳನ್ನು ಬಿಟ್ಟುಹೋಗುವ ತಾಯಿಯ ಪಾತ್ರವನ್ನು ತಾನು ಮಾಡಲಾರೆನೆಂದಳು. ಬೇರೆಯವರು ತಿದ್ದುವ ಮೊದಲು ತಾನೇ ತಿದ್ದುವುದು ಮೇಲೆಂದು ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ: ಮಲಗಿರುವ ಮಕ್ಕಳ ಕೋಣೆಯ ಬಾಗಿಲಲ್ಲಿ ನೋರಾ ಕುಸಿದು ಕೂರುತ್ತಾಳೆ, ಹೊರಡುವುದಿಲ್ಲ. ಅದು ತನ್ನ ನಾಟಕದ ಮೇಲೆ ನಡೆದ ಅತ್ಯಾಚಾರವೆಂದೇ ಆತ ಭಾವಿಸಿದ್ದ. ಗಂಡನನ್ನು ಬಿಟ್ಟ ಹೆಂಡತಿಯನ್ನು ಹೇಗೋ ಸಹಿಸಬಹುದು, ಮಕ್ಕಳನ್ನು ಬಿಟ್ಟ ತಾಯಿಯನ್ನು ಸಹಿಸಲಾಗದು ಎಂಬುದು ಆ ಕಾಲದ ತೀರ್ಪು.

ಇನ್ನು ನನ್ನ ವಾದಕ್ಕೇ ತೊಡಕಾಗುವ ಕೃತಿಗೆ ಬರುತ್ತೇನೆ. ಕೇಟ್ ಶಾಪಿನ್‌ಳ ‘ದಿ ಅವೇಕನಿಂಗ್’ ಪ್ರಕಟವಾದದ್ದು 1899ರಲ್ಲಿ. ಆರು ಮಕ್ಕಳ ತಾಯಿಯಾಗಿದ್ದ ಶಾಪಿನ್ 1882ರಲ್ಲಿ ವಿಧವೆಯಾದವಳು, ಬರವಣಿಗೆಯನ್ನು ವೃತ್ತಿಯಾಗಿ ಹಿಡಿದದ್ದು ಅನಂತರ. ಅವಳ ನಾಯಕಿ ಎಡ್ನಾ, ನ್ಯೂ ಆರ್ಲಿಯನ್ಸಿನ ಅನುಕೂಲಸ್ಥ ಗೃಹಿಣಿ, ಇಬ್ಬರು ಗಂಡುಮಕ್ಕಳ ತಾಯಿ. ಗಂಡ ಕ್ರೂರಿಯಲ್ಲ. ಅವಳ ಕೈಯಲ್ಲಿ ತಾಯಿಯ ಕಡೆಯಿಂದ ಬಂದ ಒಂದಿಷ್ಟು ಹಣವಿದೆ, ಕುದುರೆ ಜೂಜಿನಲ್ಲಿ ಗೆದ್ದದ್ದಿದೆ, ಚಿತ್ರಗಳನ್ನು ಮಾರಿ ಬಂದದ್ದಿದೆ. ಗಂಡನ ಮನೆ ಬಿಟ್ಟು ಹತ್ತಿರದಲ್ಲೇ ಪುಟ್ಟ ಬಾಡಿಗೆ ಮನೆ ಹಿಡಿಯುತ್ತಾಳೆ. ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿದ್ದಾಳೆ. ದುಡಿಮೆ, ಸೂರು, ಮಕ್ಕಳಿಗೊಂದು ವ್ಯವಸ್ಥೆ ಎಲ್ಲವೂ ಇದ್ದೂ ಅವಳು ಸಮುದ್ರಕ್ಕೆ ಇಳಿಯುವುದೇಕೆ?

ಉತ್ತರದ ಎಳೆ ಅವಳ ಗೆಳತಿ ಅಡೆಲ್ ಜೊತೆಗಿನ ಮಾತಿನಲ್ಲಿದೆ. ಮಕ್ಕಳಿಗಾಗಿ ಹಣ ಕೊಟ್ಟೇನು, ಪ್ರಾಣ ಕೊಟ್ಟೇನು, ಆದರೆ ನನ್ನತನವನ್ನು ಕೊಡಲಾರೆ ಎಂಬ ಅರ್ಥದ ಮಾತನ್ನು ಎಡ್ನಾ ಹೇಳಿದಾಗ, ಆದರ್ಶ ತಾಯಿಯಾದ ಅಡೆಲ್‌ಗೆ ಅದು ಅರ್ಥವೇ ಆಗುವುದಿಲ್ಲ. ಮುಂದೆ ಅಡೆಲ್‌ಳ ಹೆರಿಗೆಯ ಕೋಣೆಯಲ್ಲಿ ಎಡ್ನಾ ಆ ಯಾತನೆಯನ್ನು ಕಣ್ಣಾರೆ ನೋಡುತ್ತಾಳೆ. ಮಕ್ಕಳನ್ನು ನೆನೆ ಎಂದು ಬಾಣಂತಿ ಅವಳ ಕಿವಿಯಲ್ಲಿ ಹೇಳಿ ಕಳಿಸುತ್ತಾಳೆ. ಸಮುದ್ರಕ್ಕೆ ಇಳಿಯುವ ಮುನ್ನ ಎಡ್ನಾಳ ಮನಸ್ಸನ್ನು ಕಾಡುವುದು ಆ ಮಕ್ಕಳೇ. ಕಾನೂನು, ಹಣ, ಸೂರು ಈ ಮೂರರಿಂದ ಮದುವೆಯ ಬೀಗ ತೆಗೆಯಬಹುದು. ತಾಯ್ತನದ ಬೀಗ ಒಳಗಡೆಯೂ ಇದೆ ಎಂದು ಈ ಕೃತಿ ಹೇಳುತ್ತದೆ. ಮಕ್ಕಳ ಮೇಲೆ ಪ್ರೀತಿಯಿರುವುದಕ್ಕೂ ಮಕ್ಕಳಿಗಾಗಿ ತಾನು ಇಲ್ಲವಾಗುವುದಕ್ಕೂ ನಡುವೆ ಇರಬಹುದಾದ ಒಂದು ಸ್ಥಾನವನ್ನು ಸಮಾಜ ಅವಳಿಗೆ ತೋರಿಸಲಿಲ್ಲ, ಅವಳೂ ಕಾಣಲಿಲ್ಲ. ಪುಸ್ತಕವನ್ನು ವಿಮರ್ಶಕರು ಕಟುವಾಗಿ ಖಂಡಿಸಿದರು. 1904ರಲ್ಲಿ ಶಾಪಿನ್ ತೀರಿಕೊಂಡಳು. 1969ರಲ್ಲಿ ಅವಳ ಸಮಗ್ರ ಕೃತಿಗಳು ಪ್ರಕಟವಾದ ಮೇಲೆಯೇ ಈ ಕಾದಂಬರಿಗೆ ವ್ಯಾಪಕವಾದ ಓದುಗರು ದೊರೆತದ್ದು.

1899 ಎಂದೊಡನೆ ಕನ್ನಡಿಗರಿಗೆ ಇನ್ನೊಂದು ಪುಸ್ತಕ ನೆನಪಾಗಬೇಕು. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ಗೌರವಿಸುವ ಈ ಕೃತಿಯಲ್ಲಿ ಬಾಲವಿಧವೆ ಇಂದಿರೆ ಕಪಟ ಭಕ್ತರ ಕಾಟದಿಂದ ಪಾರಾಗಿ, ತವರು ತೊರೆದು, ಸುಧಾರಕರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರನನ್ನು ಮರುಮದುವೆಯಾಗುತ್ತಾಳೆ. ಎಡ್ನಾಗೆ ಮದುವೆ ಬಂಧನ, ಇಂದಿರೆಗೆ ಮದುವೆಯೇ ಬಿಡುಗಡೆ. ಇದು ವಿರೋಧಾಭಾಸದಂತೆ ಕಂಡರೂ ಇಬ್ಬರ ಪ್ರಶ್ನೆ ಒಂದೇ: ತನ್ನ ಬಾಳಿನ ಬಗ್ಗೆ ನಿರ್ಧರಿಸುವವರು ಯಾರು? ಇಂದಿರೆಗೆ ದಾರಿ ಮಾಡಿದ 1856ರ ವಿಧವಾ ವಿವಾಹ ಕಾಯಿದೆಯಲ್ಲಿಯೂ ಒಂದು ಕೊಂಡಿಯಿತ್ತು. ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಅಲ್ಲದೆ ಆ ಗಂಡನ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಬೇಕೆಂದು ಅವನ ಬಂಧುಗಳು ನ್ಯಾಯಾಲಯವನ್ನು ಕೇಳಬಹುದಿತ್ತು. ಹೊಸ ಬಾಳು ಬೇಕಾದರೆ ಮಗುವನ್ನು ಪಣಕ್ಕಿಡು ಎಂಬ ಮಾತು ಲಂಡನ್ನಿನಲ್ಲೂ ಇತ್ತು, ಇಲ್ಲೂ ಇತ್ತು. ಬಾಲವಿಧವೆಯಾದ ಇಂದಿರೆ ಆ ಪರೀಕ್ಷೆಯನ್ನು ಎದುರಿಸಬೇಕಾಗಲಿಲ್ಲ.

ನಾವು ಕುಳಿತಿರುವ ಈ ಮುಂಬಯಿಯಲ್ಲೇ ಕಾದಂಬರಿಯನ್ನು ಮೀರಿಸುವ ಪ್ರಕರಣವೊಂದು ನಡೆಯಿತು. ಬಾಲ್ಯದಲ್ಲಿ ಮದುವೆಯಾಗಿದ್ದ ರಖ್ಮಾಬಾಯಿ ಗಂಡನೊಡನೆ ಬಾಳಲು ಒಪ್ಪಲಿಲ್ಲ. 1884ರಲ್ಲಿ ಗಂಡ ದಾದಾಜಿ ಭಿಕಾಜಿ ದಾವೆ ಹೂಡಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವರ ಪರವಾಗಿ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ ಅದು ತಿರುವುಮುರುವಾಯಿತು. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಆದೇಶ ಬಂದಾಗ ಅವರು ಸೆರೆಮನೆಯೇ ಮೇಲೆಂದರು. 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಅನಂತರ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರ ಓದಿ, ಮರಳಿ ಬಂದು ಸೂರತ್ತಿನಲ್ಲೂ ರಾಜಕೋಟೆಯಲ್ಲೂ ದಶಕಗಳ ಕಾಲ ವೈದ್ಯರಾಗಿ ದುಡಿದು, 1955ರಲ್ಲಿ ನಿಧನರಾದರು. ಕಾದಂಬರಿಕಾರರಿಗೆ ಕಲ್ಪಿಸಿಕೊಳ್ಳಲು ಕಷ್ಟವಾದ ಕೊನೆಯನ್ನು ನಿಜವಾದ ಹೆಣ್ಣೊಬ್ಬಳು ಬಾಳಿ ತೋರಿಸಿದಳು. ಅವರಿಗೆ ಕೈಯಲ್ಲಿ ವೃತ್ತಿಯಿತ್ತು, ಬೆಂಬಲಕ್ಕೆ ಜನರಿದ್ದರು. ಹಾಗೆಯೇ ಇನ್ನೊಂದು ಸಂಗತಿಯನ್ನೂ ಮರೆಯಬಾರದು: ಅವರಿಗೆ ಮಗುವಿರಲಿಲ್ಲ.

ಶತಮಾನಗಳು ಉರುಳಿವೆ, ಕಾನೂನುಗಳು ಬದಲಾಗಿವೆ ಎಂದು ನೀವು ಹೇಳಬಹುದು. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯಿದೆ, ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ ಎಂದು ಬರೆಯಿತು. ತನ್ನ ಮಗನ ಹೆಸರಿನಲ್ಲಿ ಹಣ ತೊಡಗಿಸಲು ಹೋಗಿ ಈ ‘ನಂತರ’ ಎಂಬ ಪದಕ್ಕೆ ಎಡವಿದವರು ಒಬ್ಬ ಕಾದಂಬರಿಕಾರ್ತಿ, ಗೀತಾ ಹರಿಹರನ್. ತಂದೆ ಸತ್ತ ನಂತರ ಎಂದಲ್ಲ, ತಂದೆ ಹೊಣೆ ಹೊರದಿದ್ದಾಗ ಎಂದೂ ಅರ್ಥಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1999ರಲ್ಲಿ, ‘ಇಂದಿರಾಬಾಯಿ’ ಮತ್ತು ‘ದಿ ಅವೇಕನಿಂಗ್’ ಬಂದು ಸರಿಯಾಗಿ 100 ವರ್ಷಗಳಾದ ಮೇಲೆ. ಹೆರುವುದು ತಾಯಿ, ಸಾಕುವುದು ತಾಯಿ, ಹಕ್ಕಿನ ಮಾತು ಬಂದಾಗ ಅವಳು ‘ನಂತರ’ದವಳು.

ಈ ಮಾತನ್ನು ಹೊರನಾಡಿನ ನಾವು ನಮಗೂ ಅನ್ವಯಿಸಿಕೊಳ್ಳಬೇಕು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೊರಗುತ್ತೇವೆ. ಕೊರಗಿನ ಕೊನೆಯಲ್ಲಿ ಬೆರಳು ತಾಯಿಯ ಕಡೆಗೆ ತಿರುಗುತ್ತದೆ. ಮನೆಯಲ್ಲಿ ಅವಳು ಕನ್ನಡ ಮಾತನಾಡಿಸಬೇಕು, ಹಬ್ಬ ಹುಣ್ಣಿಮೆ ನಡೆಸಬೇಕು, ಹಾಡು ಕತೆ ಕಲಿಸಬೇಕು. ಜೊತೆಗೆ ಲೋಕಲ್ ಗಾಡಿ ಹಿಡಿದು ಕಚೇರಿಗೂ ಹೋಗಿಬರಬೇಕು. ತಾಯ್ನುಡಿ ಎಂಬ ಸುಂದರವಾದ ಪದದ ಭಾರವನ್ನು ಪೂರ್ತಿಯಾಗಿ ತಾಯಿಯ ಹೆಗಲಿಗೇ ಹೊರಿಸಿ, ಸಂಘದ ವೇದಿಕೆಯನ್ನು ಮಾತ್ರ ಗಂಡಸರು ಉಳಿಸಿಕೊಂಡರೆ, ನಾವು ಡಾಲಿಯ ಗಾಡಿಯಿಂದ ಹೆಚ್ಚು ದೂರ ಬಂದಿಲ್ಲವೆಂದೇ ಅರ್ಥ.

ಕಾದಂಬರಿ ಕಾನೂನು ಮಾಡುವುದಿಲ್ಲ. ಎಲ್ಲಿ ನೆಲವಿಲ್ಲವೋ ಅಲ್ಲಿ ನೆಲವಿಲ್ಲವೆಂದು ಹೇಳುವುದು ಅದರ ಕೆಲಸ. ಹತ್ತೊಂಬತ್ತನೆಯ ಶತಮಾನದ ಈ ಕೃತಿಗಳು ಅದನ್ನು ನಿಷ್ಠೆಯಿಂದ ಮಾಡಿವೆ. ರೋಡಾ ನನ್ನಳ ತೋಳಿನಲ್ಲಿ ಗಿಸಿಂಗ್ ಬಿಟ್ಟುಹೋದ ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈಗಳು ಮುಂದೆ ಬರಬೇಕಾಗಿತ್ತು. ಆ ಕೈಗಳು ತಂದೆಯವೂ ಆಗಬಹುದು, ಸಮುದಾಯದವೂ ಆಗಬಹುದು. ಕನ್ನಡ ಕಲಿಸುವ ಹೊಣೆಯಿಂದಲಾದರೂ ನಾವು ಆ ಕೆಲಸ ಆರಂಭಿಸೋಣ. ಮಕ್ಕಳ ಭಾನುವಾರದ ಕನ್ನಡ ತರಗತಿಗೆ ಮುಂದಿನ ವಾರದಿಂದ ತಂದೆಯರು ಸರದಿಯ ಮೇಲೆ ಬಂದು ಪಾಠ ಮಾಡಲಿ ಎಂಬುದು ಸಂಘಕ್ಕೆ ನನ್ನ ಬಿನ್ನಹ.